ದಸರಾ ಚೌಕದ ಬೋರ್ಡಿಂಗುಗಳು

ಕೊಲ್ಹಾಪುರದ ಬಸ್ ನಿಲ್ದಾಣದಲ್ಲಿ ಇಳಿದು ಮಹಾಲಕ್ಷ್ಮಿಯ ಗುಡಿಗೆ ಹೊರಟವರು ದಾರಿಯಲ್ಲಿ ದಸರಾ ಚೌಕವನ್ನು ಹಾಯುತ್ತಾರೆ. ಅಲ್ಲಿ ರಾಜರ್ಷಿ ಶಾಹೂ ಮಹಾರಾಜರ ಪ್ರತಿಮೆಯಿದೆ. ಆಸುಪಾಸಿನಲ್ಲಿ ಜೈನ ಬೋರ್ಡಿಂಗ್, ಮುಸ್ಲಿಂ ಬೋರ್ಡಿಂಗ್, ಚಿತ್ರದುರ್ಗ ಮಠ ಇವೆ. ಮರಾಠಿ ಫಲಕಗಳ ನಡುವೆ ಚಿತ್ರದುರ್ಗದ ಹೆಸರನ್ನು ಓದಿದ ಕನ್ನಡಿಗನ ಹೆಜ್ಜೆ ಒಂದಿಷ್ಟು ತಡೆಯುವುದು ಸಹಜ. ಯಾತ್ರಿಕರು ಮಾತ್ರ ಈ ಕಟ್ಟಡಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಅವರ ಅವಸರ ಗುಡಿಯ ಪಾಳಿಯದು. ಆದರೆ ಕಾಲೇಜುಗಳ ಪ್ರವೇಶದ ದಿನಗಳಲ್ಲಿ ಟ್ರಂಕು, ಹಾಸಿಗೆಯ ಸುರುಳಿ ಹೊತ್ತು ಬರುವ ತಂದೆ ಮಕ್ಕಳ ಅವಸರ ಬೇರೆ. ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ರಾತ್ರಿ ತಲೆ ಎಲ್ಲಿ ಇಡಬೇಕೆಂಬುದು ಇನ್ನೂ ತಿಳಿದಿಲ್ಲ.

ಈ ಪ್ರಶ್ನೆಯನ್ನು ರಾಜ್ಯದ ಪ್ರಶ್ನೆಯೆಂದು ಎತ್ತಿಕೊಂಡ ಊರು ಕೊಲ್ಹಾಪುರ. ಹಿಂದೆ ಪಟ್ಟಣಕ್ಕೆ ಓದಲು ಬಂದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದರಲ್ಲಿ ಅವಮಾನವೂ ಇತ್ತು, ಅರೆಹೊಟ್ಟೆಯೂ ಇತ್ತು. ಆದರೂ ಅದೊಂದು ವ್ಯವಸ್ಥೆ. ರೈತನ ಮಗನಿಗೆ, ನೇಕಾರನ ಮಗನಿಗೆ ಅಷ್ಟೂ ಇರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರ ಮಗನಿಗೆ ಯಾರ ಹೊಸ್ತಿಲೂ ಇರಲಿಲ್ಲ. ಶಾಲೆಯ ಬಾಗಿಲು ಕಾಗದದ ಮೇಲೆ ತೆರೆದಿದ್ದರೂ ಪಟ್ಟಣದ ಬಾಗಿಲು ಮುಚ್ಚಿಯೇ ಇತ್ತು.

1894ರಲ್ಲಿ ಅಧಿಕಾರ ಸೂತ್ರ ಹಿಡಿದ ಶಾಹೂ ಮಹಾರಾಜರು ಮೊದಲು ಎಲ್ಲರಿಗೂ ಒಂದೇ ವಸತಿಗೃಹ ಸಾಕೆಂದು ಎಣಿಸಿದ್ದರು. 1896ರಲ್ಲಿ ಅಂಥದೊಂದು ತೆರೆಯಿತು. ಕೆಲಕಾಲದಲ್ಲಿಯೇ ಅದು ಒಂದೇ ಜಾತಿಯ ವಿದ್ಯಾರ್ಥಿಗಳ ಮನೆಯಾಗಿ ಉಳಿಯಿತು. ಬಾಗಿಲಿಗೆ ಬೀಗವಿಲ್ಲದಿದ್ದರೂ ಒಳಗಿನ ಪಂಕ್ತಿ ಯಾರನ್ನು ಕೂಡಿಸಿಕೊಳ್ಳಬೇಕು, ಯಾರನ್ನು ಬಿಡಬೇಕೆಂದು ತಾನೇ ತೀರ್ಮಾನಿಸುತ್ತಿತ್ತು. ಆಮೇಲೆ ಮಹಾರಾಜರು ದಾರಿ ಬದಲಿಸಿದರು. 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಮತ್ತು ದಿಗಂಬರ ಜೈನ ಬೋರ್ಡಿಂಗ್, 1906ರಲ್ಲಿ ಮುಸ್ಲಿಂ ಬೋರ್ಡಿಂಗ್, 1907ರಲ್ಲಿ ವೀರಶೈವ ವಿದ್ಯಾರ್ಥಿಗಳ ವಸತಿಗೃಹ ಆರಂಭಗೊಂಡವು. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ, ಮುಂಬಯಿ ಗವರ್ನರರ ಮಗಳ ಹೆಸರಿನಲ್ಲಿ, ಮಿಸ್ ಕ್ಲಾರ್ಕ್ ಹಾಸ್ಟೆಲ್ ಎದ್ದಿತು. ಆಯಾ ಸಮಾಜದವರು ಮುಂದೆ ಬರಬೇಕು, ಸಂಸ್ಥಾನ ಜಾಗ ಮತ್ತು ಅನುದಾನ ಕೊಡಬೇಕು ಎಂಬ ಕ್ರಮ. ಕೊಲ್ಹಾಪುರಕ್ಕೆ ವಸತಿಗೃಹಗಳ ಜನನಿ ಎಂಬ ಬಿರುದು ಬಂದದ್ದು ಹೀಗೆ.

ಜಾತಿಗೊಂದು ಬೋರ್ಡಿಂಗ್ ಕಟ್ಟಿದರೆ ಜಾತಿ ಗಟ್ಟಿಯಾಗುವುದಿಲ್ಲವೇ ಎಂಬ ಆಕ್ಷೇಪ ಹಳೆಯದು, ನ್ಯಾಯವಾದದ್ದೂ ಹೌದು. ಆದರೆ ಆಕ್ಷೇಪಿಸುವವರು 1896ರ ಅನುಭವವನ್ನು ಮರೆಯಬಾರದು. ಎಲ್ಲರಿಗೂ ಸೇರಿದ್ದೆಂದು ಬರೆದ ಮನೆ ಎಲ್ಲರದೂ ಆಗದೆ ಹೋದಾಗ ಹುಡುಗರಿಗೆ ಆ ವರ್ಷವೇ ಹಾಸಿಗೆ ಬೇಕಾಗಿತ್ತು; ಸಮಾಜ ತಿದ್ದುವವರೆಗೆ ಕಾಯುವಷ್ಟು ಅವರ ಆಯುಷ್ಯ ಉದ್ದವಿರಲಿಲ್ಲ.

ಆಕ್ಷೇಪಕ್ಕೆ ಉತ್ತರವೂ ಈ ಬೋರ್ಡಿಂಗುಗಳ ಒಳಗಿನಿಂದಲೇ ಬಂತು. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವೂರಾವ ಪಾಟೀಲರು ಜೈನ ಬೋರ್ಡಿಂಗಿನ ವಿದ್ಯಾರ್ಥಿ. ಅವರ ಪೂರ್ವಜರು ಮೂಡಬಿದಿರೆಯ ಕಡೆಯವರೆನ್ನುತ್ತಾರೆ. ಮಿಸ್ ಕ್ಲಾರ್ಕ್ ಹಾಸ್ಟೆಲಿನ ಸಮಾರಂಭಕ್ಕೆ ಹೋಗಿ ಬಂದ ಹುಡುಗ ಸ್ನಾನ ಮಾಡಿಯೇ ಒಳಗೆ ಬರಬೇಕೆಂದಾಗ ಒಪ್ಪದೆ, ಬೋರ್ಡಿಂಗನ್ನು ಬಿಡಬೇಕಾಯಿತೆಂಬ ಸಂಗತಿ ಅವರ ಚರಿತ್ರೆಗಳಲ್ಲಿ ಬರುತ್ತದೆ. ಮುಂದೆ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರು, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಒಲೆಯ ಅಡಿಗೆ ಉಣ್ಣುವ ವಸತಿಗೃಹ ತೆರೆದವರು ಇವರೇ. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದರು. ಆ ಮನೆಗೆ ಶಾಹೂ ಮಹಾರಾಜರ ಹೆಸರು ಬಂತು. ಹುಡುಗರ ಊಟಕ್ಕೆ ಕಾಳು ತೀರಿದಾಗ ಭಾವೂರಾವರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಆಭರಣಗಳನ್ನು, ಕಡೆಗೆ ಮಂಗಳಸೂತ್ರವನ್ನೂ ಕೊಟ್ಟರು. ವಸತಿಗೃಹದ ಲೆಕ್ಕಪತ್ರದಲ್ಲಿ ಇಂಥ ಬಾಬತ್ತಿಗೆ ಅಂಕಣವಿರುವುದಿಲ್ಲ.

ಇಂದಿನ ಕೊಲ್ಹಾಪುರ ಬೇರೆ. 1962ರಲ್ಲಿ ಶಿವಾಜಿ ವಿಶ್ವವಿದ್ಯಾಲಯ ಬಂದ ಮೇಲೆ ಸಾತಾರಾ, ಸಾಂಗಲಿ ಜಿಲ್ಲೆಗಳ ಮಕ್ಕಳೂ ಇಲ್ಲಿಗೇ ನೋಡುತ್ತಾರೆ. ವಿಶ್ವವಿದ್ಯಾಲಯದಲ್ಲಿ ದುಡಿಯುತ್ತ ಕಲಿಯುವ ಯೋಜನೆಯಿದೆ; ಆದರೆ ಬರುವವರೆಲ್ಲರನ್ನೂ ಹಿಡಿಸುವಷ್ಟು ಕೋಣೆಗಳು ಯಾವ ಊರಿನಲ್ಲಿಯೂ ಇಲ್ಲ. ಉಳಿದವರು ಬಡಾವಣೆಗಳ ಮಹಡಿಗಳಲ್ಲಿ ‘ಕಾಟ್ ಬೇಸಿಸ್’ ಮೇಲೆ ಒಂದು ಮಂಚ ಹಿಡಿದು, ಖಾನಾವಳಿಯ ಡಬ್ಬಾ ನೆಚ್ಚಿ ಓದುತ್ತಾರೆ.

ಸರಕಾರ ಸುಮ್ಮನೆ ಕುಳಿತಿಲ್ಲ. ಸರಕಾರಿ ವಸತಿಗೃಹದಲ್ಲಿ ಜಾಗ ಸಿಗದ ಪರಿಶಿಷ್ಟ ಜಾತಿ ಮತ್ತು ನವಬೌದ್ಧ ವಿದ್ಯಾರ್ಥಿಗಳಿಗಾಗಿ ಮಹಾರಾಷ್ಟ್ರ 2016-17ರಿಂದ ಡಾ. ಬಾಬಾಸಾಹೇಬ ಅಂಬೇಡ್ಕರ್ ಸ್ವಾಧಾರ ಯೋಜನೆ ನಡೆಸುತ್ತಿದೆ. ಅಲ್ಪಭೂಧಾರಕ ರೈತರ, ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಡಾ. ಪಂಜಾಬರಾವ ದೇಶಮುಖ ಹೆಸರಿನ ನಿರ್ವಾಹ ಭತ್ಯೆಯಿದೆ. ಸ್ವಾಧಾರ ಯೋಜನೆಯ ಮೂಲ ಆದೇಶದಲ್ಲಿ ಮುಂಬಯಿ, ಪುಣೆಯಂಥ ನಗರಗಳಿಗೆ ವರ್ಷಕ್ಕೆ 60,000 ರೂಪಾಯಿ. ಕೆಳಗಿನ ದರ್ಜೆಯ ಸ್ಥಳಗಳಿಗೆ 43,000. ಈ 43,000ದಲ್ಲಿ ಊಟಕ್ಕೆ 25,000, ವಸತಿಗೆ 12,000, ಇತರ ಖರ್ಚಿಗೆ 6,000. ಅಂದರೆ ಕೋಣೆಗೆ ತಿಂಗಳಿಗೆ ಸಾವಿರ ರೂಪಾಯಿ. ಅದೂ ಅರ್ಜಿ ಮಂಜೂರಾದ ಮೇಲೆ ಖಾತೆಗೆ ಬರತಕ್ಕದ್ದು. ಮನೆಯೊಡೆಯ ಡಿಪಾಜಿಟ್ ಕೇಳುವುದು ಮೊದಲ ದಿನವೇ.

ಇನ್ನೊಂದು ತೊಡಕು ಕಾಗದದ್ದು. ಭತ್ಯೆ ಕೇಳುವವನು ತಾನು ಬಾಡಿಗೆಗಿರುವುದಕ್ಕೆ ಪುರಾವೆ ಒದಗಿಸಬೇಕು. ಮಂಚ ಬಾಡಿಗೆಗೆ ಕೊಟ್ಟವನು ಚೀಟಿಯನ್ನೂ ಬರೆದುಕೊಡುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬಾಡಿಗೆಯ ಇಲ್ಲವೆ ಲೀವ್ ಅಂಡ್ ಲೈಸನ್ಸ್ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು, ನೋಂದಣಿಯ ಹೊಣೆ ಮನೆಯೊಡೆಯನದು. ಕರಾರು ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ, ಬೇರೆ ರೀತಿ ರುಜುವಾತಾಗುವವರೆಗೆ, ನಿಲ್ಲುತ್ತದೆ. ಇಷ್ಟೊಂದು ಅನುಕೂಲವಾದ ಕಲಮನ್ನು ಹದಿನೆಂಟರ ಹುಡುಗನೊಬ್ಬ ಮನೆಯೊಡೆಯನ ಎದುರು ನಿಂತು ಓದಿ ಹೇಳಿದನೆಂದರೆ ಅವನ ಮಂಚ ಆ ಸಂಜೆಯೇ ಮತ್ತೊಬ್ಬರಿಗೆ ಹೋಗುತ್ತದೆ. ಆದ್ದರಿಂದ ಈ ಮಾತನ್ನು ಮೊದಲ ದಿನ, ಡಿಪಾಜಿಟ್ ಎಣಿಸಿಕೊಡುವ ಮುನ್ನ, ತಂದೆಯೇ ಎತ್ತುವುದು ಲೇಸು.

ಜತ್ತ ತಾಲೂಕಿನ ಪೂರ್ವ ಭಾಗದವರಿಗೆ, ಉಮದಿ, ಸಂಖದ ಕಡೆಯವರಿಗೆ, ಕೊಲ್ಹಾಪುರವೇ ದೂರ, ವಿಜಯಪುರ ಹತ್ತಿರ. ಮಾತೂ ಅಲ್ಲಿಯದೇ, ಸಂತೆಯೂ ನೆಂಟಸ್ತಿಕೆಯೂ ಅತ್ತಲೇ. ಕನ್ನಡ ಮಾಧ್ಯಮದಲ್ಲಿ ಓದಿದ ಮಗಳನ್ನು ವಿಜಯಪುರಕ್ಕೆ ಕಳಿಸಲು ತಂದೆತಾಯಿಗಳಿಗೆ ಧೈರ್ಯವೂ ಹೆಚ್ಚು. ಕರ್ನಾಟಕ ಸರಕಾರ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡು ಕನ್ನಡಿಗರೆಂದು ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜಗಳನ್ನು ಹೆಸರಿಸಿ ಅರ್ಹತೆ ಕೊಟ್ಟಿದೆ. ಇದು ದೊಡ್ಡ ಉಪಕಾರ.

ಆದರೆ ಸೀಟು ಗಡಿ ದಾಟುತ್ತದೆ, ಹಾಸಿಗೆ ದಾಟುವುದಿಲ್ಲ. ಕರ್ನಾಟಕದ ಇಲಾಖಾ ವಿದ್ಯಾರ್ಥಿನಿಲಯಗಳ ಅರ್ಜಿ ಕೇಳುವುದು ಆ ರಾಜ್ಯದ ತಹಶೀಲ್ದಾರರು ಕೊಟ್ಟ ಜಾತಿ, ಆದಾಯ ಪ್ರಮಾಣಪತ್ರದ ಸಂಖ್ಯೆಯನ್ನು. ಜತ್ತದ ತಹಶೀಲ್ದಾರರ ರುಜು ಅಲ್ಲಿ ನಡೆಯದು. ಪರಿಶಿಷ್ಟ ಜಾತಿಯ ಮಗುವಿಗೆ ಗೋಡೆ ಇನ್ನೂ ಎತ್ತರ: ಒಂದು ರಾಜ್ಯದ ಪಟ್ಟಿಯಲ್ಲಿನ ಸ್ಥಾನಮಾನ ಇನ್ನೊಂದು ರಾಜ್ಯಕ್ಕೆ ಹಿಂಬಾಲಿಸದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ಹೇಳಿತು, 2018ರಲ್ಲಿ ಮತ್ತೊಂದು ಪೀಠ ಅದನ್ನೇ ಎತ್ತಿಹಿಡಿಯಿತು. ಇತ್ತ ಸ್ವಾಧಾರದ ಭತ್ಯೆ ಮಹಾರಾಷ್ಟ್ರದ ಊರುಗಳ ದರ್ಜೆಗೆ ಹೊಂದಿಸಿಟ್ಟದ್ದು. ಹೀಗಾಗಿ ಮನೆಗೆ ಹತ್ತಿರದ ಊರಿನಲ್ಲಿ ತನ್ನ ಭಾಷೆಯಲ್ಲಿ ಓದಬಯಸುವ ಹುಡುಗಿಗೆ ಎರಡೂ ಸರಕಾರಗಳ ನಡುವೆ ಮಂಚ ಹಾಕುವ ಜಾಗವಿಲ್ಲ. ಮಠದ ಪ್ರಸಾದ ನಿಲಯವೋ, ಬಳಗದವರ ಮನೆಯ ಪಡಸಾಲೆಯೋ, ದಿನಾಲೂ ಹೋಗಿಬರುವ ಬಸ್ಸೋ ಅವಳ ಪಾಲಿಗೆ ಉಳಿಯುತ್ತವೆ.

ಕೋರ್ಟಿನ ತೀರ್ಪು ಅಡ್ಡ ಬರುವುದು ಮೀಸಲಾತಿಗೆ. ಗಡಿನಾಡಿನ ವಿದ್ಯಾರ್ಥಿಗಳಿಗೆಂದು ಜಾತಿಪಟ್ಟಿಯನ್ನು ಮುಟ್ಟದೆ, ಆದಾಯವನ್ನಷ್ಟೇ ನೋಡಿ ವಿಜಯಪುರ, ಕಲಬುರ್ಗಿ, ಬೆಳಗಾವಿ, ಮಂಗಳೂರುಗಳಲ್ಲಿ ಒಂದಿಷ್ಟು ಹಾಸಿಗೆಗಳನ್ನು ಕಾಯ್ದಿಡಲು ಯಾವ ತೀರ್ಪೂ ಬೇಡವೆಂದಿಲ್ಲ. ಪ್ರವೇಶದ ನಿಯಮದಲ್ಲಿ ತಾಲೂಕುಗಳ ಪಟ್ಟಿ ಸಿದ್ಧವಾಗಿದೆ. ಅದನ್ನೇ ವಿದ್ಯಾರ್ಥಿನಿಲಯದ ನಿಯಮಕ್ಕೂ ಸೇರಿಸಿ, ಜತ್ತದ ತಹಶೀಲ್ದಾರರ ಆದಾಯ ಪತ್ರವೂ ನಡೆಯುವುದೆಂದು ಬರೆದರೆ ಮುಂದಿನ ಜೂನಿಗೆ ಅರ್ಜಿ ಹಾಕಬಹುದು.