ಕಿವಿಗೆ ಒಂದು, ಕಣ್ಣಿಗೆ ಎರಡು

ಇಂಗ್ಲಿಷು ಕನ್ನಡಿಗನ ಕಿವಿಗೆ ಮಾಡುವ ಮೋಸದಲ್ಲಿ ಎರಡು ಬಗೆ. ಒಂದು, ಅದು ತಾನಾಗಿ ಮಾಡುವುದು. ಇನ್ನೊಂದು, ನಾವಾಗಿ ಮಾಡಿಕೊಳ್ಳುವುದು. ಎರಡನೆಯದನ್ನು ಮೊದಲು ಹೇಳಿ ಮುಗಿಸಿಬಿಡುತ್ತೇನೆ. ನಮ್ಮಲ್ಲಿ ಹೋಟಲಿನಲ್ಲಿ ಕುಡಿಯುವುದೂ ಕಾಪಿ, ಪರೀಕ್ಷೆಯಲ್ಲಿ ಹೊಡೆಯುವುದೂ ಕಾಪಿ. ಮಗನ ಶಾಲೆಗೆ ಕಟ್ಟುವುದೂ ಪೀಸು, ಮೈಸೂರುಪಾಕಿನ ತಟ್ಟೆಯಿಂದ ಕೈಗೆ ಬರುವುದೂ ಪೀಸು. ನಮಗಿರುವ ‘ವ’ಕಾರ ಒಂದೇ ಆದ್ದರಿಂದ ದ್ರಾಕ್ಷಿಯ ಬಳ್ಳಿಗೂ ಅದರ ಹಣ್ಣಿನಿಂದ ಇಳಿಸಿದ ಮದ್ಯಕ್ಕೂ ‘ವೈನ್’ ಎಂಬ ಒಂದೇ ಉಚ್ಚಾರ. ಇದರಿಂದ ಯಾರಿಗೂ ಹಾನಿಯಿಲ್ಲ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ, ಕಾಪಿ ಕುಡಿಯುತ್ತೇವೆ.

ತೊಡಕಿರುವುದು ಮೊದಲನೆಯದರಲ್ಲಿ. ಇಂಗ್ಲಿಷರ ಬಾಯಲ್ಲಿಯೂ ಒಂದೇ ಆಗಿದ್ದು, ಕಾಗದದ ಮೇಲೆ ಮಾತ್ರ ಬೇರೆಯಾಗುವ ಜೋಡಿಗಳಿವೆಯಲ್ಲ, ಅವು. ‘ಪ್ರಿನ್ಸಿಪಲ್’ ಎಂಬುದರ ಕೊನೆಯಲ್ಲಿ ‘ಎ’, ‘ಎಲ್’ ಬಂದರೆ ಕಾಲೇಜಿನ ಮುಖ್ಯಸ್ಥರು. ಸಾಲದ ಅಸಲೂ ಅದೇ. ‘ಎಲ್’, ‘ಇ’ ಬಂದರೆ ತತ್ತ್ವ. ‘ಕಾಂಪ್ಲಿಮೆಂಟ್’ ಎಂಬುದರ ನಡುವೆ ‘ಐ’ ಇದ್ದರೆ ಹೊಗಳಿಕೆ, ‘ಇ’ ಇದ್ದರೆ ಪೂರಕ. ಕಾಗುಣಿತ ತಿದ್ದುವ ಕಂಪ್ಯೂಟರು ಸಹ ಇಲ್ಲಿ ಎಷ್ಟೋ ಸಲ ಸುಮ್ಮನಿದ್ದುಬಿಡುತ್ತದೆ. ಎರಡೂ ನಿಘಂಟಿನಲ್ಲಿರುವ ಪದಗಳೇ ತಾನೆ!

ಕೆಲವು ವರ್ಷಗಳ ಹಿಂದೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದಿದ್ದ ಬಿ.ಎ. ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ರಜೆಯ ಅರ್ಜಿಯನ್ನು ಮುಖ್ಯಸ್ಥರಿಗೆ ಬರೆಯುವ ಬದಲು ತತ್ತ್ವಕ್ಕೆ ಬರೆದ. ಅರ್ಜಿ ಅಧ್ಯಾಪಕರ ಕೊಠಡಿಯಲ್ಲಿ ಕೈಯಿಂದ ಕೈಗೆ ಹೋಯಿತು. ಎದ್ದ ನಗೆ ಹೊರಗೆ ಜಗಲಿಯಲ್ಲಿ ನಿಂತಿದ್ದ ಅವನಿಗೂ ಕೇಳಿಸಿತು. ಮೊದಲ ಬೆಂಚಿನವನು ಮಾರನೆಯ ದಿನ ಕೊನೆಯ ಬೆಂಚಿಗೆ ಸರಿದ. ತಿಂಗಳು ಕಳೆಯುವಷ್ಟರಲ್ಲಿ ಟಿ.ಸಿ. ಬೇಕೆಂದು ಬರೆದ ಕಾಗದವನ್ನು ಹಿಡಿದು ನನ್ನ ಮುಂದೆ ನಿಂತಿದ್ದ. “ಊರಿಗೆ ಹೋಗಿ ಹೊಲ ನೋಡಿಕೊಳ್ಳುತ್ತೇನೆ ಸಾರ್. ಈ ವಿದ್ಯೆ ನನ್ನ ತಲೆಗೆ ಹತ್ತುವುದಲ್ಲ” ಎಂದ. ತರಗತಿಯಲ್ಲಿ ಹಳಗನ್ನಡವನ್ನು ಅವನಷ್ಟು ಚೆನ್ನಾಗಿ ಬಿಡಿಸುವವರು ಬೇರೆ ಇರಲಿಲ್ಲ. ಅವನನ್ನು ಕೂರಿಸಿಕೊಂಡು, ಅವನಿಗೆ ಗೊತ್ತಿದ್ದ ಕಡೆಯಿಂದಲೇ ಮಾತು ತೆಗೆದೆ.

“ಮನೆಯಲ್ಲಿ ‘ಹಸುವನ್ನು ಕರೆದೆಯಾ?’ ಎಂದು ತಾಯಿ ಕೇಳಿದರೆ ಏನರ್ಥ?” ಎಂದೆ. ಕೂಗಿ ಕರೆದೆಯಾ ಎಂದೂ ಆಗಬಹುದು, ಹಾಲು ಕರೆದೆಯಾ ಎಂದೂ ಆಗಬಹುದು. ಹಳಗನ್ನಡದವನಿಗೆ ಈ ಸಂಶಯವಿರಲಿಲ್ಲ. ಕೂಗುವುದು ‘ಕರೆ’, ಹಾಲು ಹಿಂಡುವುದು ‘ಕಱೆ’; ಎರಡು ರಕಾರಗಳು, ಎರಡು ಉಚ್ಚಾರಗಳು. ಹಾಗೆಯೇ ಕತ್ತಿಯು ‘ಬಾಳ್’, ಜೀವನ ನಡೆಸುವುದು ‘ಬಾೞ್’. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ೞಕಾರವನ್ನು ಬೇರ್ಪಡಿಸಿ ತೋರಿಸಲು ಅಷ್ಟು ಶ್ರಮಪಟ್ಟುದಕ್ಕೆ ಕಾರಣ, ಜನರ ನಾಲಿಗೆಯಿಂದ ಅದು ಜಾರಿಹೋಗುತ್ತಿದ್ದುದೇ. ನಾಲಿಗೆ ಬಿಟ್ಟ ಮೇಲೆ ನಮ್ಮ ಬರಹವೂ ಅದನ್ನು ಬಿಟ್ಟಿತು.

ಇಂಗ್ಲಿಷರು ಬಿಡಲಿಲ್ಲ. ‘ನೈಟ್’ ಎಂದರೆ ರಾತ್ರಿಯೂ ಹೌದು, ಕುದುರೆಯೇರಿದ ವೀರಯೋಧನೂ ಹೌದು. ಯೋಧನ ಮುಂದಿರುವ ‘ಕೆ’ ಇಂದು ಮೂಕ. ಒಂದು ಕಾಲಕ್ಕೆ ಅದನ್ನು ಬಾಯಿತುಂಬ ಉಚ್ಚರಿಸುತ್ತಿದ್ದರು. ಎರಡರ ನಡುವೆಯೂ ಇರುವ ‘ಜಿ’, ‘ಎಚ್’ಗಳು ಗಂಟಲಿನ ಒಂದು ಹಕಾರದ ಗುರುತು. ‘ಮೀಟ್’ ಎಂಬ ಮಾಂಸದ ಸ್ವರವೂ ‘ಮೀಟ್’ ಎಂಬ ಭೇಟಿಯ ಸ್ವರವೂ ಹಿಂದೆ ಬೇರೆಯಾಗಿದ್ದವು. 1476ರಲ್ಲಿ ಕ್ಯಾಕ್ಸ್‌ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ಹೂಡಿದ. ಅಚ್ಚಿನ ಮೊಳೆಗಳಲ್ಲಿ ಕಾಗುಣಿತ ಕ್ರಮೇಣ ನೆಲೆನಿಂತಿತು; ಉಚ್ಚಾರ ಮಾತ್ರ ನಿಲ್ಲದೆ ತನ್ನ ದಾರಿ ಹಿಡಿಯಿತು. ಅಕ್ಷರವನ್ನು ಬಿಟ್ಟು ನಾವು ಹಸುವಿನ ಮುಂದೆ ತಬ್ಬಿಬ್ಬಾದೆವು, ಬಿಡದೆ ಅವರು ಮಕ್ಕಳ ತಲೆಯ ಮೇಲೆ ಹೊರೆ ಹೊರಿಸಿದರು. ಹುಡುಗನ ಅರ್ಜಿಯಲ್ಲಿದ್ದ ಎರಡು ಪದಗಳಂತೂ, ‘ಮೊದಲು’ ಎಂಬ ಅರ್ಥದ ಒಂದೇ ಲ್ಯಾಟಿನ್ ಬೇರಿನಿಂದ ಎರಡು ದಾರಿಯಲ್ಲಿ ಬಂದ ದಾಯಾದಿಗಳು.

“ನಮ್ಮೂರಲ್ಲಿ ಈ ಗೊಂದಲ ಇಲ್ಲ ಸಾರ್, ನಾವು ಹಾಲು ಹಿಂಡು ಅಂತೀವಿ” ಎಂದ ಅವನು. ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಆ ವರ್ಷದ ಕೊನೆಯವರೆಗೂ ಅದು ಹೊರಗೆ ಬರಲಿಲ್ಲ.

ಇನ್ನು ಕೆಲವು ಜೋಡಿಗಳ ಕಥೆ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಎರಡು ಶಬ್ದಗಳು ಒಂದಾದುದಲ್ಲ, ಒಂದು ಶಬ್ದವೇ ಎರಡಾಯಿತು. ಹೂವಿನ ‘ಫ್ಲವರ್’ ಮತ್ತು ಹಿಟ್ಟಿನ ‘ಫ್ಲವರ್’ ಮೂಲದಲ್ಲಿ ಒಂದೇ. ಬೀಸಿದ ಧಾನ್ಯದಲ್ಲಿ ಹೂವಿನಂತೆ ಶ್ರೇಷ್ಠವಾದ ನಯವಾದ ಭಾಗವೇ ಹಿಟ್ಟು. ಅಡಿಗೆಮನೆಯಲ್ಲಿ ಜರಡಿ ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನಗೆ ಬಹಳ ಪ್ರಿಯವಾದದ್ದು ‘ಸ್ಟೇಷನರಿ’. ‘ಎ’ ಬಂದರೆ ನಿಂತಲ್ಲೇ ನಿಂತದ್ದು, ‘ಇ’ ಬಂದರೆ ಕಾಗದ, ಲೇಖನಿ ಮುಂತಾದ ಸರಕು. ಯುರೋಪಿನಲ್ಲಿ ಹಿಂದೆ ಸಾಮಾನನ್ನು ಹೊತ್ತು ಊರೂರು ತಿರುಗುವವರೇ ಹೆಚ್ಚು. ವಿಶ್ವವಿದ್ಯಾಲಯಗಳ ಬಳಿ ಒಂದೆಡೆ ಅಂಗಡಿಯಿಟ್ಟು ಪುಸ್ತಕ ಮಾರುತ್ತಿದ್ದವನು ‘ಸ್ಟೇಷನರ್’, ಎಂದರೆ ನೆಲೆನಿಂತವನು. ಲಂಡನ್ನಿನ ಈ ಕಸುಬಿನವರ ಸಂಘಕ್ಕೆ 1557ರಲ್ಲಿ ರಾಜಶಾಸನವೇ ದೊರಕಿತು. ವರ್ತಕನ ಹೆಸರಿನ ಕೊನೆಯ ‘ಇ’, ‘ಆರ್’ ನೆನಪಿದ್ದರೆ ಅವನ ಸರಕಿನಲ್ಲಿ ‘ಇ’ ತಪ್ಪುವುದಿಲ್ಲ. ಆದರೂ ನಮ್ಮ ಪೇಟೆಬೀದಿಗಳಲ್ಲಿ ‘ಎ’ ಬರೆದ ಹಲಗೆಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಪರೀಕ್ಷೆಯಲ್ಲಾದರೆ ಅದಕ್ಕೆ ಅರ್ಧ ಅಂಕ ಕಳೆಯುತ್ತಾರೆ. ಹಲಗೆ ಬರೆದಾತನಾದರೋ, ತಾನರಿಯದೆಯೇ, ಈ ಅಂಗಡಿ ತಿರುಗಾಟದ್ದಲ್ಲ, ನಾಳೆಯೂ ಇಲ್ಲಿಯೇ ಇರುತ್ತದೆ ಎಂದು ಗಿರಾಕಿಗಳಿಗೆ ಸಾರಿಬಿಟ್ಟಿರುತ್ತಾನೆ.