ರಾಜ ಕುದುರೆಯಂತೆ ಹಾರಬಹುದೇ?

ಅಜ್ಜಂಪುರವೆಂದರೆ ಹೊರಗಿನವರಿಗೆ ನೆನಪಾಗುವುದು ಮೂರು. ಬೀರೂರು ದಾಟಿ ಹುಬ್ಬಳ್ಳಿ ಕಡೆಗೆ ಹೋಗುವ ರೈಲಿಗೆ ಸಿಗುವ ನಿಲ್ದಾಣ, ಈರುಳ್ಳಿ, ಮತ್ತು ಒಂದು ಕಾಲಕ್ಕೆ ಹೈದರ್-ಟಿಪ್ಪು ಸೈನ್ಯದ ಫಿರಂಗಿ ಎಳೆದ ಅಮೃತಮಹಲ್ ದನಗಳು. ಸಾಹಿತ್ಯ ಓದಿಕೊಂಡವರಾದರೆ ‘ಆನಂದ’ ಎಂಬ ಕಾವ್ಯನಾಮದಲ್ಲಿ ಕಥೆ ಬರೆದ ಅಜ್ಜಂಪುರ ಸೀತಾರಾಂ ಅವರ ಹೆಸರನ್ನೂ ಸೇರಿಸಿಯಾರು. ಚದುರಂಗಕ್ಕಾಗಿ ಈ ಊರನ್ನು ಯಾರೂ ನೆನೆಯುವುದಿಲ್ಲ. ಆದರೂ ಅಲ್ಲಿನ ಒಂದು ಮನೆಯ ಜಗಲಿಯ ಮೇಲೆ ಸಂಜೆ ಐದು ಗಂಟೆಯಾಯಿತೆಂದರೆ ಬಟ್ಟೆಯ ಹಾಸು ಬಿಚ್ಚಿಕೊಳ್ಳುತ್ತದೆ, ಕಾಯಿಗಳು ಸಾಲಾಗಿ ನಿಲ್ಲುತ್ತವೆ.

ಆಡುವವರು ನಾಲ್ವರು. ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಮಂಡಿಯ ಸಾಹುಕಾರರು, ಟೈಲರ್ ಸಾಹೇಬರು, ರೈಲ್ವೆಯಿಂದ ನಿವೃತ್ತರಾದ ರಾಯರು ಉಳಿದ ಮೂವರು. ರಾಯರಿಗೆ ಎಂಬತ್ತು ಸಮೀಪಿಸಿದೆ. ಇಬ್ಬರು ಆಡಿದರೆ ಇಬ್ಬರು ಬಾಯಿ ಹಾಕುವುದು ಪದ್ಧತಿ. ಬಾಯಿ ಹಾಕಬಾರದೆಂಬ ನಿಯಮವೂ ಇದೆ. ಅದನ್ನು ಪಾಲಿಸಿದವರನ್ನು ಆ ಜಗಲಿ ಕಂಡಿಲ್ಲ.

ಇವರ ಆಟ ಪುಸ್ತಕದ ಚೆಸ್ ಅಲ್ಲ, ಹಿರಿಯರಿಂದ ಬಂದ ನಾಡ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಾನೆ. ಕ್ಯಾಸ್ಲಿಂಗ್ ಎಂಬ ಮಾತಿಲ್ಲ. ಅದರ ಬದಲಿಗೆ ರಾಜ, ತನಗೆ ಇನ್ನೂ ಒಂದು ಸಲವೂ ಚೆಕ್ ಬಿದ್ದಿಲ್ಲವಾದರೆ, ಆಟದಲ್ಲಿ ಒಮ್ಮೆ ಮಾತ್ರ ಕುದುರೆಯಂತೆ ಹಾರಬಹುದು. ಕಾಲಾಳು ಕೊನೆಯ ಮನೆ ಮುಟ್ಟಿದರೆ ಮನಸ್ಸಿಗೆ ಬಂದಂತೆ ಮಂತ್ರಿಯಾಗಲಾರ. ಆನೆಯ ಸಾಲಿನಲ್ಲಿ ಮುಟ್ಟಿದವನು ಆನೆ, ಒಂಟೆಯ ಸಾಲಿನಲ್ಲಿ ಮುಟ್ಟಿದವನು ಒಂಟೆ. ‘ಯಾವ ಬೀದಿಯಲ್ಲಿ ನಡೆದನೋ ಆ ಬೀದಿಯ ಮರ್ಯಾದೆ’ ಎನ್ನುತ್ತಾರೆ ರಾಯರು.

ಮೇಷ್ಟ್ರ ಮೊಮ್ಮಗಳು ಏಳನೇ ತರಗತಿಯವಳು. ಈ ಆಟವನ್ನು ಅಜ್ಜನ ತೊಡೆಯ ಮೇಲೆ ಕುಳಿತೇ ಕಲಿತವಳು. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟರ ಹುಡುಗ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಎಲ್ಲ ಊರುಗಳಲ್ಲೂ ಚೆಸ್‌ಗೆ ಹೊಸ ಹುರುಪು ಬಂತಲ್ಲ, ಅದೇ ಹುರುಪಿನಲ್ಲಿ ಆಕೆಯೂ ಶಾಲಾ ಪಂದ್ಯಕ್ಕೆ ಹೆಸರು ಕೊಟ್ಟಳು. ಅಜ್ಜನಿಗೆ ಹಿಗ್ಗು. ಪುಸ್ತಕದ ನಿಯಮಗಳನ್ನು ಒಮ್ಮೆ ನೋಡಿಕೊಂಡು ಹೋಗಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಚದುರಂಗ ಚದುರಂಗವೇ ಅಲ್ಲವೇ?

ಪಂದ್ಯದ ನಡುವೆ ಎದುರಾಳಿಯ ಮಂತ್ರಿ ಮುನ್ನುಗ್ಗಿ ಬಂದಾಗ ಹುಡುಗಿ ಸ್ವಲ್ಪವೂ ಗಾಬರಿಯಾಗದೆ ತನ್ನ ರಾಜನನ್ನೆತ್ತಿ ಕುದುರೆಯಂತೆ ಹಾರಿಸಿದಳು. ಎದುರಿನ ಹುಡುಗ ಕೈ ಎತ್ತಿದ. ತೀರ್ಪುಗಾರರು ಬಂದು ನಡೆಯನ್ನು ಹಿಂದಕ್ಕೆ ತೆಗೆಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ಚೆಸ್ಸಿನ ಕಟ್ಟುನಿಟ್ಟು. ರಾಜನನ್ನು ಮುಟ್ಟಿದ್ದಾಗಿದೆ; ಇನ್ನು ಅವನನ್ನೇ ಒಂದು ಮನೆ ಸರಿಸಬೇಕು. ಸರಿಸಿದಳು. ಹತ್ತು ನಡೆಗಳಲ್ಲಿ ಆಟ ಮುಗಿಯಿತು. ಸೋತದ್ದಕ್ಕಿಂತ ಹೆಚ್ಚಾಗಿ ಸುತ್ತಲಿದ್ದ ಮಕ್ಕಳ ನಗು ಆಕೆಯ ಜೊತೆ ಮನೆಗೆ ಬಂತು.

‘ಅಜ್ಜ, ನೀವು ಹೇಳಿಕೊಟ್ಟಿದ್ದು ಸುಳ್ಳು ಆಟ’ ಎಂದು ಅವಳು ಚೀಲ ಬಿಸಾಡಿದಳು. ಸೊಸೆ ಅಡುಗೆಮನೆಯಿಂದ ಹೊರಬಂದು ಮೆಲ್ಲನೆಯ ದನಿಯಲ್ಲೇ, ‘ಮಾವ, ಬೇಜಾರು ಮಾಡಿಕೊಳ್ಳಬೇಡಿ. ಇನ್ನು ಮೇಲೆ ಇವಳಿಗೆ ನೀವು ಚದುರಂಗ ಹೇಳಿಕೊಡೋದು ಬೇಡ’ ಎಂದರು. ನಾಲ್ಕು ದಶಕ ಮಕ್ಕಳಿಗೆ ಪಾಠ ಹೇಳಿದವರಿಗೆ ಈ ವಯಸ್ಸಿನಲ್ಲಿ ಕೇಳಬೇಕಾಗಿ ಬಂದ ಮಾತು ಇದು. ಸೊಸೆಯದೇನು ತಪ್ಪು? ಮಗಳ ಕಣ್ಣೀರು ಯಾವ ತಾಯಿಗೆ ಹಗುರ?

ಮರುದಿನ ಸಂಜೆ ಜಗಲಿಯ ಮೇಲೆ ಆಟ ನಡೆಯಲಿಲ್ಲ, ಪಂಚಾಯಿತಿ ನಡೆಯಿತು. ಮೇಷ್ಟ್ರು ಅಂತರರಾಷ್ಟ್ರೀಯ ನಿಯಮಗಳ ಕೈಪುಸ್ತಕವೊಂದನ್ನು ತರಿಸಿಟ್ಟಿದ್ದರು. ‘ಇನ್ನು ಮೇಲೆ ನಾವೂ ಹೀಗೇ ಆಡೋಣ. ಮಕ್ಕಳು ಒಂದು ಆಡೋದು, ನಾವು ಒಂದು ಆಡೋದು ಸರಿಯಲ್ಲ’ ಎಂದರು. ಸಾಹೇಬರು, ‘ಆಗಲಿ ಮೇಷ್ಟ್ರೇ, ಅಳತೆ ಬದಲಾದ್ರೆ ಬಟ್ಟೆ ಕತ್ತರಿಸೋದೂ ಬದಲಾಗಬೇಕಲ್ಲ’ ಎಂದು ಒಪ್ಪಿದರು. ಸಾಹುಕಾರರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ರಾಯರು ಮಾತ್ರ ಸುಮ್ಮನೆ ಪುಸ್ತಕವನ್ನು ತಿರುವಿ ಕೆಳಗಿಟ್ಟರು.

‘ಹೊಸದು ಕಲಿಯೋಕೆ ಆಗಲ್ಲ ಅಂತ ನಾನು ಹೇಳ್ತಿಲ್ಲ ಮೇಷ್ಟ್ರೇ. ಹೊಸ ಆಟ ಆಡೋಕೆ ಇಡೀ ಲೋಕವೇ ಇದೆ. ನಮ್ಮ ಈ ಆಟಕ್ಕೆ ಇರೋದು ನಾವು ನಾಲ್ಕು ಜನ. ನಾವೂ ಬಿಟ್ಟರೆ?’

ಇದಕ್ಕೆ ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ಮೂರು ದಿನ ರಾಯರು ಜಗಲಿಗೆ ಬರಲೂ ಇಲ್ಲ.

ಈ ತಕರಾರು ಅಜ್ಜಂಪುರದ ಜಗಲಿಯಲ್ಲಿ ಹುಟ್ಟಿದ್ದೇನಲ್ಲ. ಆಟ ನಮ್ಮಲ್ಲೇ ಹುಟ್ಟಿದ್ದು. ‘ಚತುರಂಗ’ವಾಗಿ ಪರ್ಷಿಯಾಕ್ಕೆ ಹೋಯಿತು, ಅರಬರ ಕೈ ಸೇರಿ ‘ಶತ್ರಂಜ್’ ಆಯಿತು, ಅಲ್ಲಿಂದ ಯೂರೋಪು ಮುಟ್ಟಿತು. ಆ ಹಳೆಯ ಆಟದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುವ ಬಡಪಾಯಿ. ಹದಿನೈದನೇ ಶತಮಾನದ ಕೊನೆಯಲ್ಲಿ ಸ್ಪೇನ್, ಇಟಲಿಗಳ ಕಡೆ ಅವನನ್ನು ರಾಣಿಯಾಗಿಸಿ ಎಂಟು ದಿಕ್ಕಿಗೂ ಓಡಲು ಬಿಟ್ಟರು. ಆಟಕ್ಕೆ ವೇಗ ಬರಲೆಂದು ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಕೊಟ್ಟರು. ಹಾಗೆ ಕೊಟ್ಟಾಗ ಅವನು ಪಕ್ಕದ ಶತ್ರು ಕಾಲಾಳಿನ ಕೈಗೆ ಸಿಗದೆ ನುಸುಳಿ ಹೋಗತೊಡಗಿದ. ಅದಕ್ಕೊಂದು ತಡೆ ಬೇಕಾಗಿ, ದಾಟಿದವನನ್ನೂ ಹಿಡಿಯುವ ‘ಆನ್ ಪಾಸಾಂ’ ನಿಯಮ ಬಂತು. ಒಂದು ನಿಯಮ ಬದಲಾದರೆ ಅದರ ಹಿಂದೆ ಇನ್ನೊಂದು ಬರಲೇಬೇಕು. 1924ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ವಿಶ್ವ ಚೆಸ್ ಸಂಸ್ಥೆ ‘ಫಿಡೆ’ ಕಾಲಕಾಲಕ್ಕೆ ನಿಯಮಗಳನ್ನು ಇಂದಿಗೂ ತಿದ್ದುತ್ತಲೇ ಇದೆ.

ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಈ ಆಟಗಳ ಮಹಾ ಪ್ರೇಮಿ. ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದು ಸಲ ಮಾತ್ರ ನಿಲ್ಲಿಸಿ ಸುತ್ತಿಸುವ ಒಗಟುಗಳನ್ನು ಕಟ್ಟಿದರು. ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಭಾಗದಲ್ಲಿ ಹಾಸಿನ ಆಟಗಳಿಗೆ ಜಾಗ ಕೊಟ್ಟರು. ಬರೆದಿಟ್ಟದ್ದರಿಂದ ಅವರ ಆಟ ಉಳಿಯಿತು. ಜಗಲಿಯ ಆಟ ಬರೆದಿಟ್ಟದ್ದಲ್ಲ.

ನಾಡ ಚದುರಂಗದಿಂದ ಹೊಸ ನಿಯಮಕ್ಕೆ ದಾಟಿದವರಲ್ಲಿ ದೊಡ್ಡ ಹೆಸರು ಪಂಜಾಬಿನ ಮೀರ್ ಸುಲ್ತಾನ್ ಖಾನ್. ಜಮೀನ್ದಾರ ಸರ್ ಉಮರ್ ಹಯಾತ್ ಖಾನರ ಆಶ್ರಯದಲ್ಲಿದ್ದವರು. ನಮ್ಮ ಆಟವನ್ನೇ ಆಡಿ ಬೆಳೆದು, ದೊಡ್ಡವರಾದ ಮೇಲೆ ಯೂರೋಪಿನ ನಿಯಮ ಕಲಿತು, 1929ರಲ್ಲಿ ಲಂಡನ್ನಿಗೆ ಹೋದರು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನೇ ಮಣಿಸಿದರು. ಅವರ ಆರಂಭದ ನಡೆಗಳು ಕೊಂಚ ನಿಧಾನ, ದುರ್ಬಲ ಎಂದು ಬಲ್ಲವರು ಹೇಳುತ್ತಿದ್ದರು. ಒಂದೊಂದೇ ಮನೆ ನಡೆಯುವ ಕಾಲಾಳುಗಳ ನಡುವೆ ಬೆಳೆದವರಲ್ಲಿ ಅವಸರ ಎಲ್ಲಿಂದ ಬಂದೀತು? ಆದರೆ ಆಟದ ನಡುವಿನಲ್ಲಿ, ಕೊನೆಯಲ್ಲಿ ಅವರ ತಾಳ್ಮೆಗೆ ಎದುರು ನಿಂತವರು ಕಡಿಮೆ. ಅವರು ತೀರಿಕೊಂಡದ್ದು 1966ರಲ್ಲಿ. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ!

ಸ್ವಾತಂತ್ರ್ಯದ ಬಳಿಕ 1951ರಲ್ಲಿ ಅಖಿಲ ಭಾರತ ಚೆಸ್ ಫೆಡರೇಷನ್ ಹುಟ್ಟಿತು, 1955ರಲ್ಲಿ ಆಂಧ್ರದ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ದೇಶ ಹೊಸ ನಿಯಮವನ್ನು ಒಪ್ಪಿಕೊಂಡಿತು. ಒಪ್ಪಿಕೊಳ್ಳದಿದ್ದರೆ ಆನಂದ್ ಎಲ್ಲಿ, ಗುಕೇಶ್ ಎಲ್ಲಿ? ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದೆಲ್ಲಿ? ಲೋಕದ ಜೊತೆ ಆಡಬೇಕಾದರೆ ಲೋಕದ ನಿಯಮ ಬೇಕು. ಇದು ಮೇಷ್ಟ್ರ ವಾದ. ಲೋಕ ಆಡದ್ದನ್ನು ಮನೆಯವರಾದರೂ ಆಡಬೇಕು. ಇದು ರಾಯರ ವಾದ. ಎರಡೂ ಸುಳ್ಳಲ್ಲ.

ಗಂಟು ಬಿಚ್ಚಿದವಳು ಹುಡುಗಿಯೇ. ಸಿಟ್ಟು ಇಳಿದ ಮೇಲೆ ಆಕೆ ಒಂದು ಉದ್ದನೆಯ ನೋಟ್‌ಬುಕ್ ಹಿಡಿದು ರಾಯರ ಮನೆಗೆ ಹೋದಳು. ‘ರಾಯರಜ್ಜ, ನಿಮ್ಮ ಆಟದ ನಿಯಮ ಎಲ್ಲ ಹೇಳಿ, ಬರ್ಕೋತೀನಿ. ಎರಡು ಆಟಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಅಂತ ಗೊತ್ತಾದ್ರೆ ಇನ್ನೊಂದ್ಸಲ ಮೋಸ ಹೋಗಲ್ಲ’ ಎಂದಳು. ರಾಯರು ಕನ್ನಡಕ ಒರೆಸಿಕೊಂಡು ಹೇಳತೊಡಗಿದರು. ಬರೆದದ್ದನ್ನು ಅವಳು ಜಗಲಿಯಲ್ಲಿ ಓದಿದಳು ನೋಡಿ, ಆಗ ಶುರುವಾಯಿತು ನಿಜವಾದ ಜಗಳ!

‘ರಾಜನ ಮುಂದಿನ ಕಾಲಾಳು ಎರಡು ಮನೆ ಹೋಗಬಹುದು, ನಮ್ಮಪ್ಪ ಹಾಗೇ ಹೇಳಿಕೊಟ್ಟಿದ್ದು’ ಎಂದರು ಸಾಹೇಬರು. ‘ಯಾರು ಹೇಳಿದ್ದು? ಆಗೋದಿಲ್ಲ’ ಎಂದರು ರಾಯರು. ರಾಜನೊಬ್ಬನೇ ಉಳಿದರೆ ಅದು ಅರ್ಧ ಗೆಲುವೆಂದು ಸಾಹುಕಾರರು. ಆಟ ಸಮವೆಂದು ಮೇಷ್ಟ್ರು. ಇಷ್ಟು ವರ್ಷ ಒಟ್ಟಿಗೆ ಆಡಿದವರು ನಾಲ್ಕು ಬೇರೆ ಬೇರೆ ಆಟಗಳನ್ನು ತಲೆಯಲ್ಲಿಟ್ಟುಕೊಂಡಿದ್ದರು. ಪ್ರಸಂಗ ಬಂದಾಗಲೆಲ್ಲ ಯಾರೋ ಒಬ್ಬರು ಸೋತು ಹೊಂದಿಸಿಕೊಂಡಿದ್ದರು, ಅಷ್ಟೆ. ಹಳೆಯ ನಿಯಮ ಎಂದು ಕಾಪಾಡಲು ಹೊರಟಿದ್ದು ಒಂದೇ ನಿಯಮವಾಗಿರಲೇ ಇಲ್ಲ.

ಅದು ತಿಳಿದ ಮೇಲೆ ರಾಯರ ಬಿಗಿ ಕೊಂಚ ಸಡಿಲವಾಯಿತು, ಮೇಷ್ಟ್ರ ಅವಸರವೂ ಇಳಿಯಿತು. ಕೊನೆಗೆ ಆದ ತೀರ್ಮಾನ ಹೀಗೆ: ಭಾನುವಾರ ಪುಸ್ತಕದ ಚೆಸ್, ಉಳಿದ ದಿನ ನಾಡ ಆಟ. ಯಾರೇ ಬರಲಿ, ಹಾಸು ಬಿಚ್ಚುವ ಮೊದಲು ಯಾವ ಆಟವೆಂದು ಬಾಯಿಬಿಟ್ಟು ಹೇಳಬೇಕು. ಸೊಸೆಯೂ ಒಪ್ಪಿದರು, ಅವರ ಷರತ್ತು ಒಂದೇ, ಪಂದ್ಯದ ಹಿಂದಿನ ವಾರ ಮಾತ್ರ ಜಗಲಿಯ ಆಟ ಬೇಡ.

ಭಾನುವಾರಗಳಲ್ಲಿ ಮೇಷ್ಟ್ರೇ ವಿದ್ಯಾರ್ಥಿ. ಕ್ಯಾಸ್ಲಿಂಗಿನಲ್ಲಿ ಮೊದಲು ಆನೆಯನ್ನು ಮುಟ್ಟಿಬಿಡುತ್ತಾರೆ. ‘ಮೊದಲು ರಾಜ, ಆಮೇಲೆ ಆನೆ, ಅಜ್ಜ’ ಎಂದು ಮೊಮ್ಮಗಳು ತಿದ್ದುತ್ತಾಳೆ. ಮಕ್ಕಳ ಮುಂದೆ ಕಲಿಯುವವರಾಗಿ ಕೂರುವುದು ದೊಡ್ಡವರಿಗೆ ಸುಲಭವಲ್ಲ. ಹೊಸ ಪಠ್ಯಪುಸ್ತಕ ಬಂದಾಗ, ಹೊಸ ಲೆಕ್ಕದ ಕ್ರಮ ಬಂದಾಗ ಎಷ್ಟು ತಂದೆ-ತಾಯಿಗಳು ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಮುಗಿಸಿಬಿಡುವುದಿಲ್ಲ? ಹಾಗೆಯೇ ಎಷ್ಟು ಮಕ್ಕಳು ಅಜ್ಜ-ಅಜ್ಜಿ ಹೇಳಿದ್ದನ್ನು ಪುಸ್ತಕದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಸುಳ್ಳೆಂದುಬಿಡುವುದಿಲ್ಲ? ಸುಳ್ಳು ಬೇರೆ, ಬೇರೆ ಆಟ ಬೇರೆ.

ರಾಯರು ಭಾನುವಾರ ಬರುತ್ತಾರೆ, ಆದರೆ ಆಡುವುದಿಲ್ಲ. ಬಾಯಿ ಮಾತ್ರ ಹಾಕುತ್ತಾರೆ. ಸೋಮವಾರ ಹುಡುಗಿಯೇ ಅವರೆದುರು ಕೂರುತ್ತಾಳೆ. ಅವಳ ನೋಟ್‌ಬುಕ್ಕಿನಲ್ಲಿ ನಾಡ ಆಟದ ನಿಯಮಗಳು ಮೂರು ಪುಟ ತುಂಬಿವೆ. ನಾಲ್ವರೂ ಒಪ್ಪದ ಕಡೆಯಲ್ಲೆಲ್ಲ ಜಾಗ ಖಾಲಿ ಬಿಟ್ಟಿದ್ದಾಳೆ. ಆ ಖಾಲಿ ಜಾಗಗಳಲ್ಲಿ ಮೇಷ್ಟ್ರು ಹಳೆಯ ಅಭ್ಯಾಸದಂತೆ ಕೆಂಪು ಶಾಯಿಯಲ್ಲಿ ಒಂದೇ ಮಾತು ಬರೆದಿದ್ದಾರೆ: ‘ಆಡುವ ಮೊದಲು ಎದುರಿನವರನ್ನು ಕೇಳಿಕೊಳ್ಳಿ.’