ವಯಲಿನ್ ಯಾರದು?

ಅಮೆರಿಕದ ಮೋಟೌನ್ ಕಂಪೆನಿಯ ಹಾಡುಗಳನ್ನು ಲೋಕವೆಲ್ಲ ಕೇಳಿತು. ಅವುಗಳಿಗೆ ಬೇಸ್ ಗಿಟಾರ್ ನುಡಿಸಿದ ಜೇಮ್ಸ್ ಜೇಮರ್ಸನ್ ಯಾರೆಂದು ಕೇಳುಗರಿಗೆ ವರ್ಷಗಟ್ಟಲೆ ತಿಳಿದಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನ ಕವರಿನಲ್ಲಿ ಅವರ ಹೆಸರು ಅಚ್ಚಾಯಿತು.

ನಮ್ಮ ಕಾಸರಗೋಡಿನಲ್ಲೂ ಕತೆ ಅದೇ. ನಮ್ಮ ಗಾಯನ ಮಂಡಳಿಯ ಹುಡುಗನೊಬ್ಬ ನಾಲ್ಕು ಭಕ್ತಿಗೀತೆಗಳಿಗೆ ವಯಲಿನ್ ನುಡಿಸಿದ್ದಾನೆ. ಮಂಗಳೂರಿನ ಒಂದು ಸ್ಟುಡಿಯೋಗೆ ಕೆಲಸ ಕೇಳಲು ಹೋದರೆ, "ಎಲ್ಲಿ ನುಡಿಸಿದ್ದೀ, ತೋರಿಸು" ಎಂದರು. ಹಾಡಿತ್ತು, ಗಾಯಕರ ಹೆಸರಿತ್ತು, ಇವನದು ಎಲ್ಲೂ ಇರಲಿಲ್ಲ. ಕೆಲಸ ಸಿಗಲಿಲ್ಲ.

ಈಗ ಕ್ಯಾಸೆಟ್ಟಿನ ಕವರ್ ಇಲ್ಲ. ಸ್ಪಾಟಿಫೈಯಂಥ ಕಡೆ ಕಾಣುವುದು, ಹಾಡು ಬಿಡುಗಡೆ ಮಾಡುವವರು ಫಾರ್ಮಿನಲ್ಲಿ ತುಂಬಿಸಿದ ಹೆಸರುಗಳು ಮಾತ್ರ. ಆದ್ದರಿಂದ ರೆಕಾರ್ಡಿಂಗ್ ದಿನವೇ ಹೆಸರು, ವಾದ್ಯ ಎರಡನ್ನೂ ಬರೆದು ಕೊಡಿ. ಕೇಳಲು ನಾಚಿಕೆ ಬೇಡ. ಎಲ್ಲ ಕಡೆ ಸ್ಪೆಲ್ಲಿಂಗ್ ಒಂದೇ ಇರಲಿ. ನಮ್ಮಲ್ಲಿ ಡಿಸೋಜರು ಎಷ್ಟು ಮಂದಿ ಎಂದು ಹೇಳಬೇಕೇ!

ಯೂಟ್ಯೂಬಿನ ವಿವರಣೆಯನ್ನು ಚಾನೆಲಿನವರು ಯಾವಾಗ ಬೇಕಾದರೂ ತಿದ್ದಬಹುದು. ಹುಡುಗನ ಪರವಾಗಿ ನಾವೇ ಫೋನ್ ಮಾಡಿ ಕೇಳಿದೆವು. ಎರಡು ಹಾಡುಗಳಿಗೆ ಹೆಸರು ಬಂತು. ಮ್ಯೂಸಿಕ್‌ಬ್ರೇನ್ಸ್ ಎಂಬ ತಾಣದಲ್ಲಿ ಯಾರು ಬೇಕಾದರೂ ಉಚಿತ ಖಾತೆ ತೆರೆದು ಹಾಡಿನ ವಿವರ ಸೇರಿಸಬಹುದು. ಹಾಗೆಂದು ನುಡಿಸದ ಹಾಡಿಗೆ ಹೆಸರು ಹಾಕಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬರು.

ಈ ಸಲದ ಕ್ರಿಸ್ಮಸ್ ಗೀತೆಗೆ ತಬಲಾದವರಿಂದ ಮಿಕ್ಸಿಂಗ್‌ನವರ ತನಕ ಪಟ್ಟಿ ತಯಾರಾಗುತ್ತಿದೆ. ಕೋರಸ್‌ನ ಇಬ್ಬರು ಇನ್ನೂ ಸ್ಪೆಲ್ಲಿಂಗ್ ಕೊಟ್ಟಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಬರೆಸಿ.